ಹಿತ್ತಾಳೆ ಗುಂಡಿಯ ಎತ್ತರ

ಅಳತೆ ಮಾವನ ಕೋಟಿಗೆ ಒಂದೇ ಒಂದು ಗುಂಡಿ, ಅದೂ ಇರಬಾರದ ಜಾಗದಲ್ಲಿ. ಎದುರಿಗೆ ಕಾಜವಿಲ್ಲ, ಹಾಕಿಕೊಳ್ಳಲು ಬರುವುದಿಲ್ಲ, ಅಲಂಕಾರಕ್ಕೆ ಎನ್ನೋಣವೆಂದರೆ ಆ ಕೋಟಿಗೆ ಅಂಥ ಯೋಗ್ಯತೆಯೇ ಇಲ್ಲ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಹಿತ್ತಾಳೆ ಗುಂಡಿ; ಕಾಡಿನ ಹಸಿಗೆ ಮಿಕ್ಕ ಲೋಹವೆಲ್ಲ ಕಿಲುಬು ಹಿಡಿದು ಕೂತರೂ ಅದೊಂದು ಮಾತ್ರ ದಿನಾ ತೋಳಿನಿಂದ ಉಜ್ಜಿಸಿಕೊಂಡು ಥಳಥಳ ಹೊಳೆಯುತ್ತಿರುತ್ತದೆ. ಅದರ ಕೆಳಗೆ, ಇರುವೆಗಳು ಸಾಲುಗಟ್ಟಿ ಗೋಡೆ ಹತ್ತುತ್ತಿರುವಂತೆ, ಹಿಂದೆ ಗುಂಡಿ ಇದ್ದು ಬಿಚ್ಚಿದ ಜಾಗಗಳ ಸೂಜಿತೂತುಗಳು ಒಂದರ ಮೇಲೊಂದು. ಬೆವರು ಸುರಿದರೂ ಆರದ ಆ ಕಾಡಿನಲ್ಲಿ ಮಿಕ್ಕವರೆಲ್ಲ ಬನಿಯನ್ನಿನಲ್ಲಿ ಓಡಾಡುವಾಗ ಮಾವ ಮಾತ್ರ ಮೊಳಕಾಲಿನವರೆಗೆ ಇಳಿಬಿದ್ದ, ಹಸಿಮಣ್ಣಿನ ಬಣ್ಣದ ಆ ದಪ್ಪ ಕೋಟನ್ನು ಬಿಡುತ್ತಿರಲಿಲ್ಲ. ಹೊಸದಾಗಿ ಬಂದವರು ತಡೆಯಲಾರದೆ ಕೇಳಿಯೇ ಕೇಳುತ್ತಿದ್ದರು: "ಮಾವ, ಸೆಕೆ ಆಗಲ್ವಾ?"

"ಎಷ್ಟು ಸೆಕೆ? ಅಳೆದು ಹೇಳು."

ಇದು ಅವರ ಮಾತಿನ ಪಲ್ಲವಿ. ಕೇಂದ್ರದ ಅಡುಗೆಯವನು ಒಮ್ಮೆ, ಇವತ್ತು ಉಪ್ಪು ಸ್ವಲ್ಪ ಮುಂದಾಯಿತು ಎಂದು ತಾನಾಗಿ ಒಪ್ಪಿಕೊಂಡರೂ ಬಿಡಲಿಲ್ಲ. "ಸ್ವಲ್ಪ ಅಂದ್ರೆ ಎಷ್ಟು?" "ಅಯ್ಯೋ, ನಾಲಿಗೆಗೆ ಗೊತ್ತಾಗೋಷ್ಟು ಮಾವ." "ಯಾರ ನಾಲಿಗೆಗೆ? ನಿಂದಕ್ಕಾ, ನಂದಕ್ಕಾ?" ಅಡುಗೆಯವನು ಅಂದಿನಿಂದ ಉಪ್ಪಿನ ಡಬ್ಬಿಯಲ್ಲಿ ಒಂದು ಚಮಚ ಇಟ್ಟುಕೊಂಡ. ಮಾವನಿಗೆ ಮಗಳು ಹುಟ್ಟಿದಾಗ ತೊಟ್ಟಿಲ ಹತ್ತಿರ ಹೋದವರು ಮುಖ ಯಾರ ಹಾಗಿದೆ ಎಂದು ನೋಡುವುದಕ್ಕೆ ಮೊದಲು ಜೇಬಿನಿಂದ ದಾರ ತೆಗೆದು ಅದರ ಮಣಿಕಟ್ಟಿಗೆ ಸುತ್ತಿದರಂತೆ. ಸೂಲಗಿತ್ತಿ ಹೊಡೆಯುವುದೊಂದು ಬಾಕಿ.

ನಾನು ಆ ಕಾಡಿನ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತೆಂಟು ವರ್ಷ ಯಂತ್ರಗಳ ರಿಪೇರಿ ಮಾಡಿದವನು. ಶಾಲೆಯ ಬೆಂಚು ಸವೆಸಿದ್ದು ಮೂರೇ ವರ್ಷ. ಉಳಿದದ್ದನ್ನೆಲ್ಲ ಬಿಚ್ಚಿ ಕಲಿತೆ, ಜೋಡಿಸಿ ಕಲಿತೆ, ಶಾಕ್ ಹೊಡೆಸಿಕೊಂಡು ಕಲಿತೆ. ಹೀಗೆ ಕಲಿತವನಿಗೆ ಹೀಗೇ ಕಲಿತ ಇನ್ನೊಬ್ಬನನ್ನು ಕಂಡರೆ ಒಳಗೊಳಗೇ ಒಂದು ಪೈಪೋಟಿ ಇರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮರಗಳ ನೆತ್ತಿಯನ್ನೂ ಮೀರಿ ನಿಂತ ಕಬ್ಬಿಣದ ಗೋಪುರ ನನ್ನ ಪಾಲಿನದು. ಅದರ ತುದಿಯ ಯಂತ್ರಗಳು ಹಗಲು ಕಾಡು ಎಷ್ಟು ಗಾಳಿ ಎಳೆದುಕೊಂಡಿತು, ಇರುಳು ಎಷ್ಟು ಬಿಟ್ಟಿತು ಎಂದು ಬರೆಯುತ್ತಿದ್ದವು. ಕೆಳಗಿನ ನೆಲ ಮಾವನ ಪಾಲಿನದು: ಎರಡೂವರೆ ಎಕರೆಯ ಒಂದು ಚೌಕ, ಅದರಲ್ಲಿ ನಂಬರು ಹೊಡೆದ ಆರುನೂರ ನಲವತ್ತು ಮರ. ಮೂರು ವರ್ಷಕ್ಕೊಮ್ಮೆ ಪ್ರತಿಯೊಂದು ಮರದ ಸುತ್ತಳತೆ ತೆಗೆಯುವುದು ಅವರ ಕೆಲಸ. ಇಂಥ ಚೌಕಗಳು ಭೂಮಿಯ ನಡುಪಟ್ಟಿಯ ಕಾಡುಗಳಲ್ಲಿ ನೂರಾರು ಇವೆ. ಅವೆಲ್ಲದರ ಅಂಕಿ ಕೂಡಿಸಿದರೆ ಭೂಮಿಯ ಮಳೆಕಾಡುಗಳು ವರ್ಷಕ್ಕೆ ಎಷ್ಟು ಇಂಗಾಲವನ್ನು ಒಡಲಿಗೆ ಹಾಕಿಕೊಳ್ಳುತ್ತಿವೆ ಎಂಬ ದೊಡ್ಡ ಲೆಕ್ಕ ಸಿಗುತ್ತದೆ. ಆ ದೊಡ್ಡ ಲೆಕ್ಕದ ಒಂದು ಕಂಬ ನಮ್ಮ ಮಾವನ ಕೋಟಿನ ಜೇಬಿನಲ್ಲಿತ್ತು ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಸುಳ್ಳಾಗದು.

ದೂರದಿಂದ ಬಂದ ಅತಿಥಿಗಳು ಕಾಡನ್ನು ನೋಡಿ, "ಆಹಾ, ಭೂಮಿಯ ಶ್ವಾಸಕೋಶ!" ಎಂದು ಕಣ್ಣು ಮುಚ್ಚಿದರೆ ಮಾವನಿಗೆ ಮೈ ಉರಿಯುತ್ತಿತ್ತು.

"ಶ್ವಾಸಕೋಶ ತಗೊಂಡಿದ್ದನ್ನ ಮರುಕ್ಷಣ ವಾಪಸ್ ಬಿಡತ್ತೆ ಸ್ವಾಮಿ. ಇದು ಕಣಜ. ಗಾಳೀಲಿರೋ ಇಂಗಾಲನ ಎಲೆ ಹಿಡಿಯತ್ತೆ, ಕಾಂಡ ಕೂಡಿಡತ್ತೆ. ಮರ ಅಂದ್ರೆ ಏನಂದ್ಕೊಂಡ್ರಿ? ಗಾಳಿ ಗಟ್ಟಿಯಾಗಿರೋದು. ಎಷ್ಟು ಗಟ್ಟಿಯಾಯ್ತು ಅಂತ ನೋಡೋದೇ ನನ್ನ ಕೆಲಸ."

ನಾನು ಓದಿ, ಕೇಳಿ, ಗೋಪುರದ ಮೇಲೆ ಕೂತು ತಿಳಿದುಕೊಂಡದ್ದೂ ಇದಕ್ಕಿಂತ ಹೆಚ್ಚಲ್ಲ. ಲೋಕದ ಚಿಮಣಿಗಳೂ ವಾಹನಗಳೂ ಕಾರಿದ್ದರಲ್ಲಿ ಒಂದು ಪಾಲನ್ನು ಕಡಲು ನುಂಗುತ್ತದೆ, ಒಂದು ಪಾಲನ್ನು ಗಿಡಮರ ನುಂಗುತ್ತದೆ, ಮಿಕ್ಕದ್ದು ಮೇಲೆ ನಿಂತು ಭೂಮಿಗೆ ಕಂಬಳಿ ಹೊದಿಸುತ್ತದೆ. ನುಂಗುವ ಗಿಡಮರಗಳ ಪೈಕಿ ಈ ಬಿಸಿನಾಡಿನ ಕಾಡುಗಳದು ದೊಡ್ಡ ಬಾಯಿ. ಅಷ್ಟೇ ಅಲ್ಲ, ಬೇರಿನಿಂದ ಹೀರಿದ ನೀರನ್ನು ಎಲೆಯಿಂದ ಬೆವರಿ, ಆ ಬೆವರು ಮೋಡವಾಗಿ, ನೂರಾರು ಹರದಾರಿ ಆಚೆ ಈ ಕಾಡಿನ ಹೆಸರೂ ಕೇಳದವರ ಹೊಲಕ್ಕೆ ಮಳೆಯಾಗಿ ಬೀಳುತ್ತದೆ. ಕೊಡಲಿ ಬಿದ್ದು ಬೆಂಕಿ ಬಿದ್ದರೆ ನೂರು ವರ್ಷ ಕೂಡಿಟ್ಟದ್ದು ಒಂದು ಮಧ್ಯಾಹ್ನದಲ್ಲಿ ಮೇಲಕ್ಕೆ ಹೋಗುತ್ತದೆ. ಕಣಜ ಸುಟ್ಟರೆ ಹಸಿವೂ ನಮ್ಮದೇ, ಹೊಗೆಯೂ ನಮ್ಮದೇ.

ಮಾವನ ನಡಿಗೆ ನೀರಿನಲ್ಲಿ ನಡೆಯುವವರ ನಡಿಗೆ. ಪಾದವನ್ನು ಎತ್ತಿ, ಒಂದು ಕ್ಷಣ ಯೋಚಿಸಿ, ಮೆಲ್ಲಗೆ ಇಡುತ್ತಿದ್ದರು. ಚೌಕದೊಳಗೆ ಸಸಿಯೊಂದನ್ನು ತುಳಿದರೆ ಮೂವತ್ತು ವರ್ಷದ ಆಚೆಯ ಮರವೊಂದನ್ನು ತುಳಿದಂತೆ ಎಂಬುದು ಅವರ ವಾದ. ಮರದ ಹತ್ತಿರ ಬಂದರೆ ಇಳಿಜಾರಿನ ಮೇಲ್ಬದಿಗೇ ಹೋಗಿ ನಿಲ್ಲುವರು. ಮಗುವಿನ ಬೆನ್ನು ಸವರುವಂತೆ ಅಂಗೈಯಿಂದ ತೊಗಟೆ ಒರೆಸುವರು. ಬಳ್ಳಿ ಸುತ್ತಿದ್ದರೆ ಅದನ್ನು ಕತ್ತರಿಸದೆ, ಎತ್ತಿ ಹಿಡಿದು, ಕೆಳಗಿನಿಂದ ಉಕ್ಕಿನ ಟೇಪನ್ನು ತೂರಿಸುವರು. ಬಳ್ಳಿಯ ಮೇಲೆ ಟೇಪು ಹಾದರೆ ಬಳ್ಳಿಯನ್ನೂ ಮರವೆಂದೇ ಎಣಿಸಿದಂತೆ. ಮೂರು ಸಲ ಓದಿ ಒಂದು ಸಲ ಬರೆಯುವರು. ಟೇಪು ಸುತ್ತಿ ಜೇಬಿಗೆ ಹಾಕಿದ ಮೇಲೆ ನಾವೆಲ್ಲ ನಗುತ್ತಿದ್ದ ಕೆಲಸ ಶುರುವಾಗುತ್ತಿತ್ತು. ಚಪ್ಪಲಿ ಹೊಲಿಯುವ ಮೇಣದ ದಾರ ತೆಗೆದು, ಮರಕ್ಕೆ ಎದೆಯೊಡ್ಡಿ ನಿಂತು, ಕೋಟಿನ ಗುಂಡಿ ತೊಗಟೆಗೆ ತಾಗಿದ ಎತ್ತರದಲ್ಲಿ ಇನ್ನೊಮ್ಮೆ ಮರವನ್ನು ಸುತ್ತಿ, ಕತ್ತರಿಸಿ, ಮರದ ನಂಬರಿಗೆ ತಕ್ಕಂತೆ ನೂರು, ಹತ್ತು, ಬಿಡಿ ಎಂದು ಬೇರೆ ಬೇರೆ ಗಂಟು ಹಾಕಿ, ಬಟ್ಟೆಯ ಚೂರೊಂದನ್ನು ಕಟ್ಟಿ ಚೀಲಕ್ಕೆ ಹಾಕುವರು. ಮೂರು ವರ್ಷಕ್ಕೊಮ್ಮೆಯ ಅಳತೆಯ ಮೊದಲ ಸುತ್ತಿಗೆ ಕೆಂಪು ಚೂರು, ಎರಡನೆಯದಕ್ಕೆ ನೀಲಿ, ಮೂರನೆಯದಕ್ಕೆ ಹೂವಿನ ಚೀಟಿ ಬಟ್ಟೆಯದು. ಬಟ್ಟೆ ಚೂರಿಗೆ ಬರವಿರಲಿಲ್ಲ, ಅವರ ಹೆಂಡತಿ ದರ್ಜಿ. ನಾವೆಲ್ಲ ಆಕೆಯನ್ನು ಅತ್ತೆ ಎನ್ನುತ್ತಿದ್ದೆವು.

ಇದರ ಮೂಲ ಹೀಗಿದೆ. ಮೊದಲ ಸುತ್ತಿನಲ್ಲಿ ಮಾವನಿಗೆ ಅಂಕಿಯೇ ಬರುತ್ತಿರಲಿಲ್ಲ. ದಾರಿ ಸವರಲು ಬಂದ ಆಳು, ಟೇಪಿನ ಒಂದು ತುದಿ ಹಿಡಿದು ನಿಂತರಾಯಿತು. ಇನ್ನೊಬ್ಬ ಓದಿ ಬರೆದುಕೊಳ್ಳುತ್ತಿದ್ದ. ಓದುವವನು ಬಾಯಿಗೆ ಬಂದದ್ದು ಓದಿದರೆ ತನಗೇನು ತಿಳಿಯುತ್ತದೆ ಎಂಬ ಗುಮಾನಿಯಿಂದ ಮಾವ ತಮ್ಮದೊಂದು ದಾರದ ಸಾಕ್ಷಿ ಇಟ್ಟುಕೊಂಡರು. ಗಂಟು ಹಾಕಲು ಅವನಿಂದಲೇ ನಂಬರು ಕೂಗಿಸಿಕೊಂಡು, ಆ ವರ್ಷವೇ ಮರಗಳ ಎದೆಯ ಬಿಲ್ಲೆಗಳನ್ನು ನೋಡಿ ನೋಡಿ ಅಂಕಿ ಕಲಿತರು, ಆರುನೂರ ನಲವತ್ತರವರೆಗೆ ಎಣಿಸಬಲ್ಲವರಾದರು, ಮುಂದಿನ ಸುತ್ತಿಗೆ ತಾವೇ ಓದಿ ಬರೆದರು. ದಾರ ಮಾತ್ರ ಬಿಡಲಿಲ್ಲ.

"ಅಂಕಿ ಬಂತಲ್ಲ ಮಾವ, ಇನ್ನೂ ಈ ದಾರ ಯಾಕೆ?" ಎಂದು ನಾನೇ ಎಷ್ಟೋ ಸಲ ಕೆಣಕಿದ್ದೇನೆ.

"ಅಂಕಿ ನಂಗೆ ನಿನ್ನೆ ಪರಿಚಯ ಕಣಯ್ಯ ರಿಪೇರಿ. ದಾರ ಹುಟ್ಟಿದಾಗಿನಿಂದ."

ಗುಂಡಿಯ ಕತೆ ಅತ್ತೆಯದು. ವಯಸ್ಸಾದಂತೆ ಮನುಷ್ಯ ಕುಗ್ಗುತ್ತಾನೆ, ಬೆನ್ನು ಬಾಗುತ್ತದೆ, ಕೋಟು ಜೋತು ಬೀಳುತ್ತದೆ. ಗುಂಡಿ ಕೆಳಗಿಳಿದರೆ ದಾರದ ಎತ್ತರವೂ ಇಳಿಯಿತಲ್ಲ! ಅದಕ್ಕೆ ಅವರ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಚಾಕುವಿನಿಂದ ಕೆತ್ತಿದ ಒಂದು ಗೀರು. ಪ್ರತಿ ಸುತ್ತಿನ ಮೊದಲ ದಿನ ಮಾವ ಬೂಟು ಹಾಕಿ, ಕೋಟು ತೊಟ್ಟು, ಶಾಲೆಯ ಹುಡುಗನಂತೆ ಚೌಕಟ್ಟಿಗೆ ಮುಖ ಮಾಡಿ ನಿಲ್ಲುವರು. ಅತ್ತೆ ಬಾಯಲ್ಲಿ ಸೂಜಿ ಕಚ್ಚಿಕೊಂಡು ಬಂದು, ಗುಂಡಿ ಗೀರಿಗಿಂತ ಎಷ್ಟು ಇಳಿದಿದೆ ನೋಡಿ, ಬಿಚ್ಚಿ, ಅಷ್ಟು ಮೇಲೆ ಹೊಲಿಯುವರು. "ಈ ಸಲ ಅರ್ಧ ಬೆರಳು ಕುಳ್ಳಾಗಿದೀರಿ. ಹೀಗೇ ಆದ್ರೆ ಗುಂಡಿ ನಿಮ್ಮ ಗಂಟಲಿಗೆ ಬರತ್ತೆ." ಬಾಯಲ್ಲಿ ಸೂಜಿ ಇರುವ ಹೆಂಗಸಿನ ಹತ್ತಿರ ವಾದ ಮಾಡಬಾರದು ಎಂಬಷ್ಟು ಲೋಕಜ್ಞಾನ ಮಾವನಿಗಿತ್ತು.

ಇನ್ನು ಮೊಳೆಯ ಕತೆ. ಅದನ್ನು ಮಾವ ಹೊಸಬರೆಲ್ಲರಿಗೂ ಹೇಳುತ್ತಿದ್ದರು, ನಾನು ಇನ್ನೂರು ಸಲ ಕೇಳಿದ್ದೇನೆ. ಮರಕ್ಕೆ ನಂಬರಿನ ಬಿಲ್ಲೆ ಬೇಕು, ಅದಕ್ಕೊಂದು ಮೊಳೆ. ಟೇಪು ಪ್ರತಿ ಸಲವೂ ಅದೇ ಎತ್ತರದಲ್ಲಿ ಸುತ್ತಬೇಕು, ಅದಕ್ಕೆ ಬಣ್ಣದ ಗೆರೆ. ಆ ಕಾಡಿನ ಮಳೆಗೆ ಬಣ್ಣ ಎರಡು ವರ್ಷ ನಿಲ್ಲದು. ಮೊದಲ ಸುತ್ತಿನಲ್ಲಿ ಮಾವನಿಗೆ ಹೊಳೆಯಿತು: ಮೊಳೆಯನ್ನೇ ಗೆರೆಯ ಮೇಲೆ ಹೊಡೆದರೆ? ಬಿಲ್ಲೆಯೂ ನಿಂತಿತು, ಗೆರೆ ಅಳಿಸಿದರೂ ಗುರುತು ಉಳಿಯಿತು. ಅಂದಿನ ಮುಖ್ಯಸ್ಥರು ಬೆನ್ನು ತಟ್ಟಿದರು. ದಾರಿ ಸವರುವ ಆಳು ಅಳತೆಯವನಾದದ್ದು ಆ ದಿನ. "ಒಂದು ಮೊಳೆ, ಎರಡು ಕೆಲಸ!" ಎಂದು ಕತೆ ಮುಗಿಸುವಾಗ ಮಾವನ ಎದೆ ಒಂದಂಗುಲ ಉಬ್ಬುತ್ತಿತ್ತು; ಅಳೆದಿಲ್ಲ, ಕ್ಷಮಿಸಬೇಕು.

ಮೂವತ್ತನೆಯ ವರ್ಷ ಬಂತು. ಹನ್ನೊಂದನೆಯ ಸುತ್ತು ಮುಗಿದಿತ್ತು. ಅದಾಗಲೇ ಒಂಬತ್ತು ವರ್ಷದಿಂದ ನನ್ನ ಗೋಪುರ ಒಂದು ಅಪಶಕುನ ನುಡಿಯುತ್ತಿತ್ತು: ಕಾಡು ಮೊದಲಿನಷ್ಟು ಎಳೆದುಕೊಳ್ಳುತ್ತಿಲ್ಲ. ಮಾವನ ಟೇಪು ಮಾತ್ರ, ಇಲ್ಲ, ಕಾಡು ಚೆನ್ನಾಗಿಯೇ ಉಣ್ಣುತ್ತಿದೆ, ಮರಗಳು ದಪ್ಪಗಾಗುತ್ತಿವೆ ಎನ್ನುತ್ತಿತ್ತು. ಯಾರನ್ನು ನಂಬುವುದು? ಕೇಂದ್ರದ ನಿರ್ದೇಶಕರು ನನ್ನನ್ನು ಮೂರು ಸಲ ಗೋಪುರ ಹತ್ತಿಸಿ ಯಂತ್ರ ಒರೆಸಲು ಹೇಳಿದರು. ನಾನೂ ಒರೆಸಿದೆ. ಯಂತ್ರ ತಪ್ಪಬಹುದು, ಮಾವ ತಪ್ಪುವುದುಂಟೇ? ಕೇಂದ್ರದಲ್ಲಿ ಅಂಕಿಗಳನ್ನೆಲ್ಲ ಕೂಡಿಸಿ ವರದಿ ಬರೆಯುತ್ತಿದ್ದ ಸಂಶೋಧಕಿ ಒಬ್ಬಳಿದ್ದಳು, ಮೂವತ್ತರ ಆಸುಪಾಸಿನ ಉದ್ದನೆಯ ಹೆಣ್ಣುಮಗಳು. ಮಾವ ಅವಳನ್ನು ಲೆಕ್ಕದಮ್ಮ ಎಂದೇ ಕರೆಯುತ್ತಿದ್ದರು. ಅವಳೂ ಗೋಪುರದ ಅಂಕಿಯ ಪಕ್ಕ ಒಂದು ಪ್ರಶ್ನಾರ್ಥಕ ಹಾಕಿ, ಟೇಪಿನ ಅಂಕಿಯ ಮೇಲೆ ವರದಿ ಕಟ್ಟಿದಳು. ಹಲವು ದೇಶಗಳ ತಜ್ಞರು ಬರುವ ಸಭೆ ಗೊತ್ತಾಯಿತು. ಆ ದಿನ ಮಾವನಿಗೆ ಸನ್ಮಾನ ಎಂದೂ ನಿಶ್ಚಯವಾಯಿತು.

ಸನ್ಮಾನಕ್ಕೆ ಏನು ಕೊಡುವುದು? ಆಗಷ್ಟೇ ಗಾಳಿಗೆ ಇನ್ನೂರ ಹನ್ನೆರಡನೆಯ ನಂಬರಿನ ಮರ ಉರುಳಿತ್ತು. ಅದರ ಕಾಂಡವನ್ನು ಸರಿಯಾಗಿ ಮಾವನ ಗೆರೆಯ ಮೇಲೆಯೇ ಅಡ್ಡ ಕೊಯ್ದು, ದುಂಡನೆಯ ಹಲಗೆ ತೆಗೆದು, ಹೊಳಪು ಕೊಟ್ಟು ಒಪ್ಪಿಸುವುದು ಎಂದು ನಿರ್ದೇಶಕರ ಯೋಚನೆ. ಗುಟ್ಟಾಗಿರಲಿ ಎಂದು ಬಡಗಿಗೆ ಹೇಳಿದ್ದರು. ಬಡಗಿಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದು ಜರಡಿಯಲ್ಲಿ ನೀರು ನಿಂತಂತೆ. ಮಾವ ಒಂದು ಸಂಜೆ ಕಬ್ಬಿಣ ಉಜ್ಜುವ ಅರ ವಾಪಸು ಕೊಡಲು ಅವನ ಕೊಟ್ಟಿಗೆಗೆ ಬಂದರು; ನಾನು ಅಲ್ಲೇ ಮೂಲೆಯಲ್ಲಿ ಚಾಕು ಮಸೆಯುತ್ತಿದ್ದೆ.

"ಬಂದ್ರಾ ಮಾವ! ನೀವು ನೋಡಬಾರದು, ಆದ್ರೂ ನೋಡಿ," ಎಂದ ಬಡಗಿ ಚೀಲ ಸರಿಸಿದ. "ನಿಮ್ಮ ಮರಕ್ಕೆ ಹಲ್ಲುನೋವು ಬಂದಿತ್ತು ಕಣ್ರೀ. ದವಡೆ ಊದಿದೆ. ಎಷ್ಟು ಉಜ್ಜಿದ್ರೂ ದುಂಡಗೆ ಬರ್ತಿಲ್ಲ. ನಾಳೆ ಆ ಕಡೆ ಒಂದಿಷ್ಟು ಹೊಡೆದು ಹಾಕ್ತೀನಿ."

ಮಾವ ಹಲಗೆಯ ಅಂಚಿನ ಸುತ್ತ ಅಂಗೈ ಆಡಿಸಿದರು. ಒಂದು ಕಡೆ ಕೈ ನಿಂತಿತು. ಅಲ್ಲಿ ಮೊಳೆಯ ಬೆಳ್ಳಿಬಣ್ಣದ ಚುಕ್ಕೆ. ಆ ಕಾಡಿನ ಮರಗಳಲ್ಲಿ ವರ್ಷದ ಬಳೆಗಳು ಸ್ಪಷ್ಟ ಕಾಣುವುದಿಲ್ಲ, ಆದರೆ ಎಳೆಯ ಹರಿವು ಕಾಣುತ್ತದೆ. ಮುಳ್ಳು ಚುಚ್ಚಿದ ಕಡೆ ಚರ್ಮ ಬಾವು ಬರುವಂತೆ ಮರದ ಎಳೆಗಳೆಲ್ಲ ಮೊಳೆಯ ಸುತ್ತ ದುಂಡಗೆ ಉಬ್ಬಿ ಬಂದಿದ್ದವು.

"ಉಜ್ಜಬೇಡ," ಎಂದರು ಮಾವ. "ಇದೇ ಕಾಂಡದಲ್ಲಿ ಒಂದು ಗೇಣು ಕೆಳಗೆ ಇನ್ನೊಂದು ಹಲಗೆ ಕೊಯ್ಯಿ."

"ಈಗಲೇನಾ?"

"ಈಗಲೇ."

ಎರಡು ಹಲಗೆಗಳನ್ನು ಪಕ್ಕಪಕ್ಕ ಇಟ್ಟರು. ಬುಡದ ಕಡೆ ದಪ್ಪ, ಮೇಲೆ ಹೋದಂತೆ ಸಣ್ಣ; ಅದು ಮರದ ಧರ್ಮ. ಇಲ್ಲಿ ಮೇಲಿನ ಹಲಗೆಯೇ ದಪ್ಪ, ದಾರ ಸುತ್ತಿದರೆ ಎರಡು ಬೆರಳು ಹೆಚ್ಚು. ಒಂದು ಮೊಳೆ ಮಾಡುತ್ತಿದ್ದದ್ದು ಎರಡು ಕೆಲಸವಲ್ಲ, ಮೂರು. ಮೂರನೆಯದು ಈಗ ತಿಳಿಯಿತು.

ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಕಾಡಿಗೆ ಹೋದವರು ನಲವತ್ತು ಮರ ಅಳೆದರು: ಗೆರೆಯ ಮೇಲೆ ಒಂದು, ಗೇಣು ಮೇಲೆ ಒಂದು, ಗೇಣು ಕೆಳಗೆ ಒಂದು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಸಂಜೆ ಕೆಸರು ಬೂಟಿನಲ್ಲೇ ನೇರ ನಿರ್ದೇಶಕರ ಕೋಣೆಗೆ ನುಗ್ಗಿದರು. ಲೆಕ್ಕದಮ್ಮ ಅಲ್ಲೇ ವರದಿಯ ಕೊನೆಯ ಪುಟ ತಿದ್ದುತ್ತಿದ್ದಳು. ನಾನು ಕೆಟ್ಟ ಫ್ಯಾನಿನ ಕೆಳಗೆ ಏಣಿಯ ಮೇಲಿದ್ದೆ.

"ಸಾರ್, ಸಭೆ ಬೇಡ ಅನ್ನಲ್ಲ. ಆ ಲೆಕ್ಕ ಬೇಡ."

ನಿರ್ದೇಶಕರು ಕನ್ನಡಕ ತೆಗೆದರು. "ಏನಾಯ್ತು ಮಾವ?"

"ಮೂವತ್ತು ವರ್ಷ ನಾನು ಮರ ಅಳೀಲಿಲ್ಲ. ಮರದ ಗಾಯ ಅಳೆದೆ."

"ಎಲ್ಲಾ ಮರಾನಾ?"

"ನಲವತ್ತರಲ್ಲಿ ಹದಿನೇಳು. ಅಳೆದೇ ಹೇಳ್ತಿದೀನಿ. ಮೊಳೆ ಗೆರೆ ಮೇಲೆ ಹೊಡೆದೋನು ನಾನು. ಬುದ್ಧಿ ಹೇಳಿ ಹೊಡೆಸಿದೋನೂ ನಾನೇ."

ನಿರ್ದೇಶಕರು ಕೆಟ್ಟವರಲ್ಲ, ಆದರೆ ಆಮಂತ್ರಣ ಹೋಗಿತ್ತು, ಸಭೆಗೆ ಹನ್ನೆರಡೇ ದಿನ ಉಳಿದಿತ್ತು. ಮೆತ್ತಗೆ ಕೇಳಿದರು: "ಇದು ಇನ್ನೂ ಯಾರಿಗೂ ಗೊತ್ತಿಲ್ಲ, ಅಲ್ವಾ?"

"ನಂಗೆ ಗೊತ್ತಲ್ಲ ಸಾರ್. ನನ್ನನ್ನ ಯಾರೂ ಅಲ್ಲ ಅಂತ ಎಣಿಸ್ತೀರಾ?"

ಏಣಿಯ ಮೇಲಿದ್ದ ನನಗೆ ಸ್ಕ್ರೂ ಯಾವ ಕಡೆ ತಿರುಗಿಸುತ್ತಿದ್ದೆ ಎಂಬುದೇ ಮರೆಯಿತು. ಲೆಕ್ಕದಮ್ಮ ಪೆನ್ನು ಕೆಳಗಿಟ್ಟಳು. ಅವಳ ಎರಡು ವರ್ಷದ ದುಡಿಮೆ ಆ ಕಾಗದದಲ್ಲಿತ್ತು, ಆದರೂ ಅವಳು ಮೊದಲು ಯೋಚಿಸಿದ್ದು ಅಂಕಿಯನ್ನೇ.

"ಇವತ್ತಿನ ಉಬ್ಬು ಎಷ್ಟು ಅಂತ ಸಿಗತ್ತೆ ಮಾವ. ಹತ್ತು ವರ್ಷದ ಹಿಂದೆ ಎಷ್ಟಿತ್ತು, ಇಪ್ಪತ್ತು ವರ್ಷದ ಹಿಂದೆ ಎಷ್ಟಿತ್ತು, ಅದನ್ನ ಎಲ್ಲಿಂದ ತರಲಿ? ಅಂದಾಜು ಹಾಕಬೇಕು. ಅಂದಾಜಿನ ಲೆಕ್ಕನ ಯಾರೂ ತಗೊಳಲ್ಲ. ನಮ್ಮ ಚೌಕನ ಪಟ್ಟಿಯಿಂದಲೇ ತೆಗೆದುಹಾಕ್ತಾರೆ."

ಅಂದಾಜು ಎಂಬ ಮಾತು ಮಾವನಿಗೆ ಕಾದ ಕಬ್ಬಿಣ. ಅದು ಕಿವಿಗೆ ಬಿದ್ದೂ ಅವರು ಟೇಪನ್ನು ಜೇಬಿಗೆ ಹಾಕಿ ಬಾಗಿಲ ಕಡೆ ತಿರುಗಿದ್ದು ಅದೊಂದೇ ಸಲ. ಮೂವತ್ತು ವರ್ಷದ ಕಾಲ ಒಂದು ಕಾಡು ಉಂಡದ್ದು, ಉಣ್ಣದೆ ಬಿಟ್ಟದ್ದು, ಎಲ್ಲ ಒಂದು ಮೊಳೆಯ ತುದಿಯಲ್ಲಿ ನೀರುಪಾಲಾಗುವ ಹೊತ್ತು.

ಅವರನ್ನು ಮನೆ ಮುಟ್ಟಿಸಲು ನಾನೇ ಜೊತೆಗೆ ಹೋದೆ. ಅತ್ತೆ ಹೊಲಿಗೆ ಯಂತ್ರ ತುಳಿಯುತ್ತಿದ್ದರು.

"ಏನು, ಇಬ್ಬರ ಮುಖಾನೂ ಸುಟ್ಟ ಬದನೆಕಾಯಿ ಹಾಗಿದೆ?"

ಮಾವ ಹೇಳಿದರು. ನಡುವೆ ನಾನೂ ಸೇರಿಸಿದೆ. ಅತ್ತೆ ಕಾಲು ನಿಲ್ಲಿಸದೆ ಪೂರ್ತಿ ಕೇಳಿ, ಹೊಲಿಗೆಯ ಕೊನೆ ಮುಟ್ಟಿಸಿ, ನೂಲು ಹಲ್ಲಿನಿಂದ ಕಡಿದು ಹೇಳಿದರು:

"ಟೇಪು ಸುಳ್ಳು ಹೇಳ್ತು ಅನ್ನಿ. ಮತ್ತೆ ನನ್ನ ಮೇಜಿನ ಕೆಳಗೆ ಮೂವತ್ತು ವರ್ಷದಿಂದ ಕಾಲು ಚಾಚೋಕೆ ಬಿಡದೆ ಕೂತಿರೋ ನಿಮ್ಮ ದಾರದ ಹನ್ನೊಂದು ಡಬ್ಬ ಏನನ್ನತ್ತೆ? ಅವಕ್ಕೆ ಬಾಯಿಲ್ವಾ?"

ಮಾವ ತಲೆ ಎತ್ತಿದರು.

"ಗುಂಡಿ ಇರೋದು ನಿಮ್ಮ ಮೊಳೆಗಿಂತ ಒಂದು ಗೇಣು ಕೆಳಗೆ, ಬಾವು ಇಲ್ಲದ ಕಡೆ. ಅದನ್ನೂ ನಾನೇ ಹೇಳಬೇಕಾ? ಹೊಲಿದೋಳು ನಾನು, ತೊಟ್ಟೋರು ನೀವು."

ಮಾವ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು, ಹೊಸದಾಗಿ ಕಂಡವರಂತೆ ನೋಡಿದರು. ಆಮೇಲೆ ಮೊಳಕಾಲೂರಿ ಮೇಜಿನ ಕೆಳಗೆ ತೂರಿದರು. ಒಂದೊಂದೇ ತಗಡಿನ ಡಬ್ಬ ಹೊರಗೆ ಬಂತು. ಮುಚ್ಚಳ ತೆಗೆದರೆ ಮೇಣದ ವಾಸನೆ, ಬಣ್ಣಬಣ್ಣದ ಚೂರು, ಒಂದೊಂದರಲ್ಲೂ ಆರುನೂರು ಮರಗಳ ನಡು.

ಮರುದಿನ ಬೆಳಿಗ್ಗೆ ಲೆಕ್ಕದಮ್ಮ ಡಬ್ಬಗಳ ಮುಂದೆ ಕೂತು ಮೊದಲು ಸಂಶಯವನ್ನೇ ಕೇಳಿದಳು. ಒಳ್ಳೆಯ ಲೆಕ್ಕದವರ ಲಕ್ಷಣ. "ಮಾವ, ದಾರ ಒಣಗಿದ್ರೆ ಕುಗ್ಗತ್ತೆ, ಹಸಿಯಾದ್ರೆ ಜಗ್ಗತ್ತೆ. ಇಷ್ಟು ವರ್ಷದಲ್ಲಿ ಎಷ್ಟು ಕುಗ್ಗಿದೆ ಅಂತ ಹೇಗೆ ಗೊತ್ತು?"

ಮಾವ ಪ್ರತಿ ಡಬ್ಬದ ತಳಕ್ಕೆ ಕೈ ಹಾಕಿ, ಗಂಟಿಲ್ಲದ ಒಂದೊಂದು ಬಿಳಿ ದಾರ ಎಳೆದು ಅವಳ ಮುಂದಿಟ್ಟರು. "ಇದು ಸಾಕ್ಷಿ. ಆಯಾ ಸುತ್ತಿನ ಮೊದಲ ದಿನ ಉಕ್ಕಿನ ಟೇಪಿನ ಕೆಂಪು ಗೆರೆಗೆ ಹಿಡಿದು ಸರಿಯಾಗಿ ಒಂದು ಮೀಟರ್ ಕತ್ತರಿಸಿದ್ದು. ಇದು ಎಷ್ಟು ಕುಗ್ಗಿದೆಯೋ ಅದರ ಜೊತೆಯವೂ ಅಷ್ಟೇ ಕುಗ್ಗಿರ್ತವೆ. ಅಳೆದು ಹೇಳು."

ಲೆಕ್ಕದಮ್ಮ ಎದ್ದು ಹೋಗಿ ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದು ಬಂದಳು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿಲ್ಲ ಎಂದೇ ಇಟ್ಟುಕೊಳ್ಳಿ.

ಒಂಬತ್ತು ದಿನ ಕೇಂದ್ರದ ಊಟದ ಮೇಜು ಅಳತೆಯ ಮೇಜಾಯಿತು. ಬಡಗಿ, ಅಡುಗೆಯವನು, ನಾನು, ಕೊನೆಗೆ ನಿರ್ದೇಶಕರೂ ತೋಳು ಮಡಚಿ ಕೂತರು. ಒಬ್ಬ ಗಂಟು ಎಣಿಸುವುದು, ಒಬ್ಬ ದಾರ ಚಾಚುವುದು, ಒಬ್ಬ ಓದುವುದು, ಒಬ್ಬ ಬರೆಯುವುದು. ಹಿಂದೆ ಕೈ ಕಟ್ಟಿ ಮಾವ. "ಜಗ್ಗಬೇಡ, ಮಲಗಿಸು. ಅದೇನು ಹಗ್ಗಜಗ್ಗಾಟವಾ?" ಬುಡದಲ್ಲಿ ಗೋಡೆಯಂತೆ ಚಾಚಿದ ಹಲಗೆಬೇರಿನ ಮೂವತ್ತೇಳು ದೊಡ್ಡ ಮರಗಳಿಗೆ ದಾರವೇ ಇರಲಿಲ್ಲ, ಅವನ್ನು ಏಣಿ ಹಾಕಿ ಬೇರಿನ ಮೇಲ್ಗಡೆ ಅಳೆಯಬೇಕು, ಏಣಿಯ ಮೇಲೆ ಗುಂಡಿಗೆ ಅರ್ಥವಿಲ್ಲ. ಲೆಕ್ಕದಮ್ಮ ಅವನ್ನು ಬೇರೆಯೇ ಇಟ್ಟು, ಇವುಗಳ ಲೆಕ್ಕ ನಮ್ಮಲ್ಲಿ ಸರಿಯಿಲ್ಲ ಎಂದು ಹಾಗೇ ಬರೆದಳು. ಮಾವನಿಗೆ ಅದು ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು, ಆದರೂ ಬರೆ ಎಂದರು.

ದಾರಗಳು ನುಡಿದದ್ದು ಇಷ್ಟು. ಕಾಡು ಈಗಲೂ ಬಿಡುವುದಕ್ಕಿಂತ ಹೆಚ್ಚು ಉಣ್ಣುತ್ತಿದೆ. ಆದರೆ ನಾವು ಅಂದುಕೊಂಡದ್ದರ ಮುಕ್ಕಾಲು ಪಾಲಷ್ಟೇ. ಅದಕ್ಕಿಂತ ದೊಡ್ಡ ಮಾತು, ಕಡೆಯ ಒಂಬತ್ತು ವರ್ಷ, ಬಿಸಿಲಿನ ತಿಂಗಳುಗಳು ಉದ್ದವಾದ ಹಾಗೆಲ್ಲ, ಅದರ ತುತ್ತು ಸಣ್ಣದಾಗುತ್ತ ಬಂದಿದೆ. ಮರಗಳು ಸೊರಗುತ್ತಿದ್ದದ್ದನ್ನು ಮೊಳೆಯ ಬಾವು ಮುಚ್ಚಿಟ್ಟಿತ್ತು. ಬಾವನ್ನೇ ನಾವು ಮೈ ತುಂಬಿದ್ದು ಎಂದುಕೊಂಡಿದ್ದೆವು. ಆ ಅಂಕಿ ಕೂಡಿದ ದಿನ ಮಾವ ನನ್ನ ಹೆಗಲ ಮೇಲೆ ಕೈ ಇಟ್ಟರು. "ನಿನ್ನ ಗೋಪುರ ಸರಿಯಾಗೇ ಹೇಳ್ತಿತ್ತು ಕಣಯ್ಯ. ನಾನು ಬಾಯಿ ಮುಚ್ಚಿಸಿದೆ." ಮೂರು ಸಲ ಸುಮ್ಮನೆ ಗೋಪುರ ಹತ್ತಿ ಇಳಿದ ನನ್ನ ಮಂಡಿನೋವು ಅವತ್ತೇ ಅರ್ಧ ಇಳಿಯಿತು.

ಸಭೆಯ ದಿನ ಲೆಕ್ಕದಮ್ಮ ಮೊದಲು ತಪ್ಪನ್ನು ಹೇಳಿದಳು, ಆಮೇಲೆ ಅಂಕಿಯನ್ನು. ಮುಂದಿನ ಸಾಲಿನಲ್ಲಿದ್ದ ಬಿಳಿಗಡ್ಡದ ತಜ್ಞರೊಬ್ಬರು ಕೈ ಎತ್ತಿ ಕೇಳಿದರು: ಮೊಳೆ ತಪ್ಪಿತು ಸರಿ, ದಾರದ ಎತ್ತರ ಮೂವತ್ತು ವರ್ಷ ಒಂದೇ ಇತ್ತು ಎನ್ನಲು ಏನು ಆಧಾರ? ಮನುಷ್ಯ ಬಾಗುವುದಿಲ್ಲವೇ?

ಹಿಂದಿನಿಂದ ಗಡಗಡ ಸದ್ದಾಯಿತು. ಬಡಗಿ ಮಾವನ ಮನೆಯ ಬಾಗಿಲ ಚೌಕಟ್ಟಿನ ಎಡಗಾಲನ್ನೇ ಕಿತ್ತು ಹೆಗಲ ಮೇಲೆ ಹೊತ್ತು ತಂದಿದ್ದ. ಅದನ್ನು ವೇದಿಕೆಯ ಮೇಲೆ ನೆಟ್ಟಗೆ ನಿಲ್ಲಿಸಿದ. ಮಾವ ಬೂಟು ಕಾಲಿನಲ್ಲಿ ಹತ್ತಿ, ಕೋಟು ಜಗ್ಗಿ ಸರಿ ಮಾಡಿಕೊಂಡು, ಅದಕ್ಕೆ ಮುಖ ಮಾಡಿ ನಿಂತರು. ಬಿಳಿಗಡ್ಡದವರು ತಾವೇ ಎದ್ದು ಬಂದು ಬಗ್ಗಿ ನೋಡಿದರು. ಗುಂಡಿಯ ನಡುವೂ ಚಾಕುವಿನ ಗೀರೂ ಒಂದೇ ನೇರ. ಗುಂಡಿಯ ಕೆಳಗಿನ ಸೂಜಿತೂತುಗಳ ಸಾಲನ್ನು ಅವರು ಬೆರಳಿಟ್ಟು ಎಣಿಸಿದರು.

"ಇದನ್ನ ಹೊಲಿದೋರು ಯಾರು?"

"ನಾನೇ," ಎಂದರು ಅತ್ತೆ, ಕೊನೆಯ ಸಾಲಿನಿಂದ. "ಬಾಗಿಲು ಬೇಗ ವಾಪಸ್ ಕೊಡಿ. ಮನೆ ತೆರೆದಿಟ್ಟು ಬಂದಿದೀನಿ."

ನಮ್ಮ ಚೌಕ ಪಟ್ಟಿಯಲ್ಲಿ ಉಳಿಯಿತು.

ಹಲಗೆಯನ್ನು ಮಾವನಿಗೆ ಕೊಟ್ಟರು, ಉಬ್ಬನ್ನು ಉಜ್ಜದೆ. ಅದು ಈಗ ಅವರ ಮನೆಯ ಗೋಡೆಯಲ್ಲಿದೆ. ಬಡಗಿ ನೇತುಹಾಕಲು ಬಂದವನು ಸುತ್ತಿಗೆ ಎತ್ತಿದರೆ ಮಾವ ಕೈ ಹಿಡಿದರಂತೆ: "ಮೊಳೆ ಸಾಕು ಮಾರಾಯ." ಮೇಲಿನ ತೊಲೆಯಿಂದ ಮೇಣದ ದಾರದಲ್ಲಿ ಅದು ತೂಗುತ್ತಿದೆ. ಆಮೇಲಿನ ತಿಂಗಳುಗಳಲ್ಲಿ ಮರಮರಕ್ಕೂ ಹೋಗಿ ಹೊಸ ಮೊಳೆಯನ್ನು ಗೆರೆಗಿಂತ ಎರಡು ಗೇಣು ಮೇಲೆ ಹೊಡೆದವರೂ ಅವರೇ. ಹೊಸಬರು ಬಂದರೆ ಮೊಳೆಯ ಕತೆಯನ್ನು ಈಗಲೂ ಹೇಳುತ್ತಾರೆ; ಕೊನೆ ಮಾತ್ರ ಬೇರೆ, ಎದೆ ಉಬ್ಬುವುದು ಮೊದಲಿನಷ್ಟೇ.

ಮುಂದಿನ ಸುತ್ತಿಗೆ ತಾನೂ ಕಾಡಿಗಿಳಿಯುತ್ತೇನೆಂದು ಲೆಕ್ಕದಮ್ಮ ಕೋಟು ಕೇಳಲು ಬಂದಳು.

"ಕೋಟು ಕೊಡಲ್ಲ," ಎಂದರು ಮಾವ. "ನಾನಿನ್ನೂ ಸತ್ತಿಲ್ಲ. ಬೇಕಾದ್ರೆ ನೀನೂ ಒಂದು ಗುಂಡಿ ಹೊಲಿಸ್ಕೋ."

ಅತ್ತೆ ಅವಳನ್ನು ಚೌಕಟ್ಟಿಗೆ ನಿಲ್ಲಿಸಿ, ಅವಳ ಮಳೆ ಅಂಗಿಯ ಮೇಲೆ ಇನ್ನೊಂದು ಹಿತ್ತಾಳೆ ಗುಂಡಿ ಹೊಲಿದರು. ಉದ್ದನೆಯ ಹುಡುಗಿ, ಗುಂಡಿ ಹೊಟ್ಟೆಯ ಕೆಳಗೆ ಬಂತು. ಅದು ಹತ್ತಬೇಕಾದ ದಾರಿ ಇನ್ನೂ ಬಹಳವಿದೆ.

ಲೋಕದ ದೊಡ್ಡ ಲೆಕ್ಕಗಳನ್ನು ಓದುವಾಗ, ಇಷ್ಟು ಕೋಟಿ ಟನ್ನು ಇಂಗಾಲ, ಇಷ್ಟು ಡಿಗ್ರಿ ಬಿಸಿ ಎಂದು ಪತ್ರಿಕೆಯವರು ಬರೆದದ್ದನ್ನು ನೋಡುವಾಗ, ನನಗೆ ಆ ಅಂಕಿಯ ಬುಡದಲ್ಲಿ ಎಲ್ಲೋ ಒಬ್ಬರು ಇಳಿಜಾರಿನ ಮೇಲ್ಬದಿಯಲ್ಲಿ ನಿಂತು ತೊಗಟೆ ಒರೆಸುತ್ತಿರುವುದು ಕಾಣುತ್ತದೆ. ಇವರ ಹೆಸರು ಪುಸ್ತಕಕ್ಕೆ ಬರುವುದಿಲ್ಲ, ಇವರ ಹಟ ನೆರೆಹೊರೆಯವರ ನಗೆಪಾಟಲು. ತಮ್ಮ ಕೈಯನ್ನೇ ಸಂಶಯದಿಂದ ನೋಡಿ ಪಕ್ಕದಲ್ಲಿ ಇನ್ನೊಂದು ಸಾಕ್ಷಿ ಕಟ್ಟಿಡುವ ಜನ ಇವರು. ಆ ಸಾಕ್ಷಿ ತಮ್ಮ ವಿರುದ್ಧವೇ ನುಡಿಯುವ ದಿನ ಬಂದರೆ ಡಬ್ಬದ ಮುಚ್ಚಳವನ್ನು ತಾವೇ ತೆಗೆಯುತ್ತಾರೆ. ಇಂಥವರು ಎಷ್ಟು ಮಂದಿ ಇದ್ದಾರೆ ಎಂದು ಕೇಳಿದರೆ ನಾನು ಸುಮ್ಮನೆ ಬಾಯಿಗೆ ಬಂದದ್ದು ಹೇಳಲಾರೆ. ಕಾಡುಗಳು ಇನ್ನೂ ನಿಂತಿವೆ, ಲೆಕ್ಕ ಇನ್ನೂ ನಡೆದಿದೆ. ಸಾಕಷ್ಟು ಮಂದಿ ಇರಲೇಬೇಕು.